ಕಾವೇರಿ 2.0: ನೋಂದಣಿ ಸಲೀಸು, ಹಕ್ಕಿನ ಹೊಣೆ ಕೊಳ್ಳುವವರದೇ

ಕೃಷಿ ಜಮೀನಿನ ಕ್ರಯಪತ್ರವೊಂದನ್ನು ಕಾವೇರಿ 2.0 ತಂತ್ರಾಂಶದ ಮೂಲಕ ನೋಂದಾಯಿಸಿದ ಬಳಿಕ ಬರೆಯುತ್ತಿರುವ ವಿಮರ್ಶೆಯಿದು. ಕರ್ನಾಟಕದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯು 2023ರಲ್ಲಿ ಜಾರಿಗೆ ತಂದ ಈ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಕೆ, ಕರಡಿನ ಪರಿಶೀಲನೆ, ಶುಲ್ಕ ಪಾವತಿ ಎಲ್ಲವೂ ಮನೆಯಿಂದಲೇ ಮುಗಿಯುತ್ತವೆ. ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕಾದದ್ದು ಭಾವಚಿತ್ರ, ಹೆಬ್ಬೆಟ್ಟಿನ ಗುರುತು ಮತ್ತು ಸಹಿಗಾಗಿ ಮಾತ್ರ. ಗ್ರಾಮ, ಸರ್ವೆ ನಂಬರು, ಹಿಸ್ಸಾ (ಸರ್ವೆ ನಂಬರಿನ ಉಪವಿಭಾಗ) ನಮೂದಿಸಿದೊಡನೆ ಕಂದಾಯ ಇಲಾಖೆಯ ಪಹಣಿ ದಾಖಲೆಗಳಿರುವ ‘ಭೂಮಿ’ ದತ್ತಾಂಶದಿಂದ ಖಾತೆದಾರರ ಹೆಸರೂ ವಿಸ್ತೀರ್ಣವೂ ತಾವಾಗಿಯೇ ತೆರೆಯ ಮೇಲೆ ಮೂಡುವುದರಿಂದ, ಪಹಣಿಯಲ್ಲಿ ಹೆಸರೇ ಇಲ್ಲದವರು ಜಮೀನು ಬರೆದುಕೊಡುವುದು ಈಗ ಸುಲಭವಲ್ಲ. ನೋಂದಣಿಯಾದ ಮೇಲೆ ಮಾರಾಟದ ಮಾಹಿತಿಯಿರುವ ಜೆ-ಸ್ಲಿಪ್ ತಾಲ್ಲೂಕು ಕಚೇರಿಗೆ ರವಾನೆಯಾಗಿ ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ) ಪ್ರಕ್ರಿಯೆ ಆರಂಭವಾಗುತ್ತದೆ. ಮಧ್ಯವರ್ತಿಗಳ ಹಂಗು ತಪ್ಪಿದೆ ಎನ್ನಲಾರೆ, ತಗ್ಗಿದೆ ಎನ್ನಬಲ್ಲೆ.

ಆದರೆ ಈ ಸೇವೆಯಿಂದ ಜನರು ನಿರೀಕ್ಷಿಸುವುದಕ್ಕೂ ಕಾನೂನು ಅದಕ್ಕೆ ವಹಿಸಿರುವ ಕೆಲಸಕ್ಕೂ ಬಹಳ ಅಂತರವಿದೆ. 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ದಸ್ತಾವೇಜು. ಮಾರಿದವರ ಹಕ್ಕಿಗೆ ಸರ್ಕಾರವೇನೂ ಜಾಮೀನು ನಿಲ್ಲುವುದಿಲ್ಲ. ಕಾವೇರಿಯಿಂದಲೇ ಪಡೆಯಬಹುದಾದ ಋಣಭಾರ ಪ್ರಮಾಣಪತ್ರದ (ಇ.ಸಿ.) ನಮೂನೆ 15ರಲ್ಲಿ ಚೆಕ್ಕುಬಂದಿ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜಿನ ಸಂಖ್ಯೆ ಎಲ್ಲವೂ ಸಾಲಾಗಿ ಇರುತ್ತವೆ, ಅದೂ ನೋಂದಣಿಯಾದ ವ್ಯವಹಾರಗಳದ್ದು ಮಾತ್ರ. ಸಿವಿಲ್ ನ್ಯಾಯಾಲಯದಲ್ಲಿ ಹೆಣ್ಣುಮಕ್ಕಳು ಹೂಡಿರುವ ಪಾಲು ವಿಭಾಗದ ದಾವೆ ಅದರಲ್ಲಿ ಕಾಣಿಸಬೇಕೆಂದೇನೂ ಇಲ್ಲ. ಆದರೂ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಮಿನ ಪ್ರಕಾರ, ದಾವೆ ನಡೆಯುತ್ತಿರುವಾಗ ಕೊಂಡವರು ನ್ಯಾಯಾಲಯದ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಬದ್ಧರಾಗಲೇಬೇಕು. ಹಾಗಾಗಿ ಮಾರಾಟಗಾರರ ಹೆಸರಿನಲ್ಲಿ ನ್ಯಾಯಾಲಯಗಳ ಪ್ರಕರಣಗಳನ್ನು ತೋರಿಸುವ ಇ-ಕೋರ್ಟ್ಸ್ ಜಾಲತಾಣವನ್ನು ಪ್ರತ್ಯೇಕವಾಗಿ ಹುಡುಕುವುದು ಅನಿವಾರ್ಯ. 2004ಕ್ಕೂ ಹಿಂದಿನ ವ್ಯವಹಾರಗಳಿಗಾಗಿ ಕಚೇರಿಯ ಹಳೆಯ ಪುಸ್ತಕಗಳನ್ನೇ ತೆಗೆಸಬೇಕು.

ಇನ್ನೂ ದೊಡ್ಡ ಅಪಾಯವಿರುವುದು ಸರ್ಕಾರದಿಂದ ಮಂಜೂರಾದ ಜಮೀನುಗಳಲ್ಲಿ. ಪಹಣಿಯ 10ನೇ ಅಂಕಣದಲ್ಲಿ ಸ್ವಾಧೀನ ಬಂದ ರೀತಿಯನ್ನು ನೋಡದೆ ಕೇವಲ 9ನೇ ಅಂಕಣದ ಖಾತೆದಾರರ ಹೆಸರನ್ನು ನಂಬಿ ಮುಂಗಡ ಕೊಡುವವರು ಹಲವರು. ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಭೂಮಿಯಾಗಿದ್ದು, ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆಯಾಗಿದ್ದರೆ, ಇಂಥ ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳು ಅದನ್ನು ಮೂಲ ಮಂಜೂರುದಾರರಿಗೆ ಮರಳಿಸಬಹುದು. 2023ರ ತಿದ್ದುಪಡಿಯ ಪ್ರಕಾರ ಇದಕ್ಕಾಗಿ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಈ ಕಾಯ್ದೆಯ ಉದ್ದೇಶ ನ್ಯಾಯವಾದದ್ದೇ. ಆದ್ದರಿಂದಲೇ ಮಂಜೂರಾತಿಯ ಕಡತವನ್ನು ಮೊದಲು ತರಿಸಿ ಓದಬೇಕು.

ಶುಲ್ಕದ ವಿಷಯಕ್ಕೆ ಬಂದರೆ, ಶೇ 5ರ ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಸೆಸ್ಸಿನ ಜೊತೆಗೆ ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಇಷ್ಟು ಹಣ ಪಡೆಯುವ ಇಲಾಖೆಯು, ದಾವೆ ಅಥವಾ ಮಂಜೂರಾತಿಯ ಷರತ್ತು ಇರುವ ಸರ್ವೆ ನಂಬರು ನಮೂದಾದಾಗ ಕೊಳ್ಳುವವರಿಗೆ ತೆರೆಯ ಮೇಲೆಯೇ ಎಚ್ಚರಿಕೆ ಕೊಡುವಂತಾಗಬೇಕು. ಸದ್ಯಕ್ಕೆ ನನ್ನ ಅಂಕ ಐದಕ್ಕೆ ಮೂರೂವರೆ.