ಇವತ್ತಿನ ಮೈಗೆ ಹೊಲಿದುಕೊಡುವ ಅಂಗಡಿ: ಒಂಟಿಕೊಪ್ಪಲಿನ ಒಬ್ಬ ಲೇಡೀಸ್ ಟೈಲರ್

ತೂಕ ಇಳಿಸಿಕೊಳ್ಳುತ್ತಿರುವ ಹೆಂಗಸಿಗೆ ಬ್ಲೌಸ್ ಹೊಲಿಸುವುದು ದೊಡ್ಡ ಇಕ್ಕಟ್ಟಿನ ಕೆಲಸ. ಈಗಲೇ ಹೊಲಿಸಿದರೆ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆಂಬ ಅಳುಕು. ಪೂರ್ತಿ ಇಳಿದ ಮೇಲೆ ಹೊಲಿಸೋಣವೆಂದುಕೊಂಡರೆ ಅಲ್ಲಿಯವರೆಗೆ ಬರುವ ಮದುವೆ, ಗೃಹಪ್ರವೇಶ, ಹಬ್ಬಗಳಿಗೆಲ್ಲ ಹಳೆಯ ಬ್ಲೌಸಿಗೆ ಪಿನ್ನು ಚುಚ್ಚಿಕೊಂಡು ಹೋಗಬೇಕು. ಹೀಗೆ ಮುಂದೂಡುತ್ತ ಮುಂದೂಡುತ್ತ ಒಳ್ಳೊಳ್ಳೆಯ ಸೀರೆಗಳು ಬ್ಲೌಸ್ ಪೀಸ್ ಸಮೇತ ಬೀರುವಿನಲ್ಲೇ ಉಳಿದುಬಿಡುವುದನ್ನು ನಮ್ಮ ಮನೆಯಲ್ಲೂ ನೆಂಟರಿಷ್ಟರ ಮನೆಗಳಲ್ಲೂ ನೋಡಿದ್ದೇನೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ, ತೂಕ ಇಳಿಸಿ ಎಂದು ವೈದ್ಯರು ಹೇಳಿದ ಮೇಲೆ ನಡಿಗೆಯ ಬಗ್ಗೆ, ಊಟದ ಬಗ್ಗೆ ಹೇಳಿಕೊಡುವವರು ನನಗೆ ಬೇಕಾದಷ್ಟು ಜನ ಸಿಕ್ಕರು. ಬದಲಾಗುತ್ತಿರುವ ಮೈಯನ್ನು ಯಾವ ಮುಜುಗರವೂ ಇಲ್ಲದೆ ಅಳೆದು, ಅದಕ್ಕೆ ತಕ್ಕ ಬಟ್ಟೆ ಹೊಲಿದುಕೊಟ್ಟದ್ದು ಮೈಸೂರಿನ ಒಂಟಿಕೊಪ್ಪಲಿನ ಒಂದು ಸಣ್ಣ ಲೇಡೀಸ್ ಟೈಲರ್ ಅಂಗಡಿ. ಈಗಾಗಲೇ ಕೈಮೀರಿ ಕೆಲಸವಿದೆಯೆಂದು ಅಂಗಡಿಯ ಒಡತಿ ತಮ್ಮ ಹೆಸರು ಬರೆಯದಂತೆ ಕೇಳಿಕೊಂಡಿದ್ದಾರೆ. ಅವರ ಮಾತಿಗೆ ಗೌರವ ಕೊಟ್ಟು ಹೆಸರು ಬಿಟ್ಟಿದ್ದೇನೆ. ಆದರೆ ಅವರು ಕೆಲಸ ಮಾಡುವ ಕ್ರಮವನ್ನು ವಿವರವಾಗಿ ಬರೆಯಬೇಕೆನಿಸಿತು, ಏಕೆಂದರೆ ಇದೇ ಕ್ರಮವನ್ನು ನಿಮ್ಮ ಊರಿನ ಟೈಲರ್ ಹತ್ತಿರವೂ ಕೇಳಿ ಮಾಡಿಸಿಕೊಳ್ಳಬಹುದು.

ಮೊದಲನೆಯದಾಗಿ ಅಳತೆಯ ವಿಷಯ. ಸಾಮಾನ್ಯವಾಗಿ ಎಲ್ಲ ಟೈಲರುಗಳೂ ಅಳತೆ ಬ್ಲೌಸ್ ಕೇಳುತ್ತಾರೆ, ಅದನ್ನು ಮೇಜಿನ ಮೇಲೆ ಹರಡಿ ಅದರಂತೆಯೇ ಕತ್ತರಿಸುತ್ತಾರೆ. ತೂಕ ಸ್ಥಿರವಾಗಿರುವವರಿಗೆ ಅದು ಸರಿಯಾದ ಮಾರ್ಗವೇ. ಇವರು ಮಾತ್ರ ಅಳತೆ ಬ್ಲೌಸನ್ನು ಕೈಯಲ್ಲಿ ಹಿಡಿದು ನೋಡಿ, ‘ಇದು ಯಾವಾಗ ಹೊಲ್ಸಿದ್ದು ಮೇಡಂ?’ ಎಂದು ಕೇಳುತ್ತಾರೆ. ಹಳೆಯದೆಂದು ಗೊತ್ತಾದರೆ, ‘ಬಿಡಿ, ಮೈ ಅಳತೇನೇ ತಗೋತೀನಿ’ ಎಂದು ಪರದೆಯ ಹಿಂದಕ್ಕೆ ಕರೆಯುತ್ತಾರೆ. ಅಲ್ಲಿ ಒಂದು ನಿಲುವುಗನ್ನಡಿ, ಒಂದು ಸ್ಟೂಲು, ಗೋಡೆಗೆ ಬಡಿದ ಎರಡು ಮೊಳೆಗಳಿವೆ. ಎದೆ, ಎದೆಯ ಮೇಲ್ಭಾಗ, ಎದೆಯ ಕೆಳಗಿನ ಸುತ್ತು, ಸೊಂಟ, ಭುಜದಿಂದ ಭುಜಕ್ಕೆ, ಕಂಕುಳ ಸುತ್ತು, ತೋಳಿನ ಸುತ್ತು, ಕತ್ತಿನ ಆಳ ಎಂದು ಒಂದೊಂದನ್ನೇ ಅಳೆದು ಅವರೇ ಬರೆದುಕೊಳ್ಳುತ್ತಾರೆ. ಟೇಪು ಸೊಂಟಕ್ಕೆ ಬಂದಾಗ ನಮಗರಿವಿಲ್ಲದೆಯೇ ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತೇವಲ್ಲ, ಆಗ ಅವರು ಟೇಪನ್ನು ಹಾಗೆಯೇ ಸಡಿಲವಾಗಿ ಹಿಡಿದು, ‘ಹೊಟ್ಟೆ ಬಿಡಿ ಮೇಡಂ, ಆರಾಮಾಗಿ ಉಸಿರಾಡಿ’ ಎಂದು ಹೇಳಿ, ಉಸಿರು ಹೊರಗೆ ಹೋಗುವವರೆಗೂ ಕಾಯುತ್ತಾರೆ. ಈ ಕಾಯುವಿಕೆಯಲ್ಲಿರುವ ಸಮಾಧಾನವನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ಕಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯಲ್ಲೂ ಸೊಂಟದ ಸುತ್ತಳತೆಯನ್ನು ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲೇ ತೆಗೆದುಕೊಳ್ಳಬೇಕೆಂದಿದೆ.

ಹಿಂದೆ ನಾನು ಹೋಗುತ್ತಿದ್ದ ಇನ್ನೊಂದು ಅಂಗಡಿಯಲ್ಲಿ ಅಳತೆ ತೆಗೆಯುವವರು ಒಬ್ಬರು, ಬರೆದುಕೊಳ್ಳುವವರು ಇನ್ನೊಬ್ಬರು. ‘ಎದೆ ನಲವತ್ತೆರಡು, ಸೊಂಟ ಮೂವತ್ತೆಂಟು’ ಎಂದು ಅಂಗಡಿಯ ಈ ತುದಿಯಿಂದ ಆ ತುದಿಗೆ ಕೂಗಿ ಹೇಳುತ್ತಿದ್ದರು. ನಡುವೆ ಕುಳಿತ ಗಿರಾಕಿಗಳು, ಅವರ ಜೊತೆ ಬಂದ ಗಂಡಸರು ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಅವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲವೆಂದು ನಂಬುತ್ತೇನೆ, ಆದರೆ ಒಬ್ಬ ಹೆಂಗಸಿನ ಮೈಯಳತೆ ಅವಳಿಗೂ ಹೊಲಿಯುವವರಿಗೂ ಬಿಟ್ಟರೆ ಬೇರೆಯವರಿಗೆ ತಿಳಿಯಬೇಕಾದ ಸಂಗತಿಯೇ ಅಲ್ಲ. ಇದು ಟೈಲರ್ ಅಂಗಡಿಯ ಮೂಲಭೂತ ಶಿಸ್ತಾಗಬೇಕು.

ಈ ಅಂಗಡಿಯ ವಿಶೇಷವೆಂದು ನಾನು ಎತ್ತಿ ಹೇಳಬೇಕಾದದ್ದು ಅಳತೆ ಪುಸ್ತಕವನ್ನು. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಪ್ರತಿ ಗಿರಾಕಿಗೂ ಒಂದು ಪುಟ. ಎಡಗಡೆ ಅಳತೆಗಳ ಹೆಸರು, ಮುಂದೆ ತಾರೀಖು ಹಾಕಿದ ಕಂಬಸಾಲುಗಳು. ಹೊಸ ಅಳತೆ ತೆಗೆದಾಗ ಹಳೆಯದನ್ನು ಹೊಡೆದುಹಾಕದೆ ಪಕ್ಕದಲ್ಲಿ ಬರೆಯುತ್ತಾರೆ. ಹೀಗಾಗಿ ಮೈ ಬದಲಾದ ಬಗೆಯೆಲ್ಲ ಒಂದೇ ಸಾಲಿನಲ್ಲಿ ಕಣ್ಣಿಗೆ ಕಾಣುತ್ತದೆ. ನನ್ನ ಪುಟದಲ್ಲಿ ಭುಜದ ಅಳತೆ ಮೊದಲಿನಿಂದಲೂ ಹಾಗೆಯೇ ಇದೆ, ಏಕೆಂದರೆ ಭುಜದ ಅಗಲವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೂಳೆ. ಎದೆಯ ಕೆಳಗಿನ ಸುತ್ತು ಮೊದಲು ಇಳಿಯಿತು, ಸೊಂಟ ಆಮೇಲೆ, ತೋಳು ಎಲ್ಲಕ್ಕಿಂತ ನಿಧಾನ. ಈ ಅನುಕ್ರಮ ಒಬ್ಬೊಬ್ಬರಲ್ಲಿ ಒಂದೊಂದು ಥರವೆಂದು ಅವರು ಹೇಳುತ್ತಾರೆ, ವೈದ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ. ಕೊಬ್ಬು ಎಲ್ಲಿ ಕೂರಬೇಕು, ಎಲ್ಲಿಂದ ಕರಗಬೇಕು ಎಂಬುದರಲ್ಲಿ ವಂಶವಾಹಿಗಳ, ಹಾರ್ಮೋನುಗಳ ಪಾತ್ರ ದೊಡ್ಡದು. ಮುಟ್ಟು ನಿಲ್ಲುವ ಮೊದಲು ಹೆಂಗಸರಲ್ಲಿ ತೊಡೆ ಮತ್ತು ಪೃಷ್ಠದಲ್ಲಿ ಸೇರುವ ಕೊಬ್ಬು ಆಮೇಲೆ ಹೊಟ್ಟೆಯ ಕಡೆಗೆ ಹೆಚ್ಚಾಗಿ ಬರುತ್ತದೆ. ಹೊಟ್ಟೆಯ ವ್ಯಾಯಾಮವನ್ನು ಎಷ್ಟು ಮಾಡಿದರೂ ಹೊಟ್ಟೆಯ ಕೊಬ್ಬೇ ಮೊದಲು ಕರಗುವುದಿಲ್ಲ. ಇದನ್ನು ಅರಿತ ಮೇಲೆ ನನ್ನ ತೋಳಿನ ಬಗ್ಗೆ ನನಗಿದ್ದ ಅಸಹನೆ ಬಹಳ ಕಡಿಮೆಯಾಯಿತು.

ಮನೆಯ ತೂಕದ ಯಂತ್ರ ಕೊಡದ ಮಾಹಿತಿಯನ್ನು ಈ ಪುಟ ಕೊಡುತ್ತದೆ. ಉಪ್ಪು ಹೆಚ್ಚಾದ ಊಟ, ಮುಟ್ಟಿನ ದಿನಗಳು, ದೇಹದಲ್ಲಿ ನಿಂತ ನೀರು ಇವುಗಳಿಂದ ತೂಕ ಒಂದೆರಡು ದಿನದಲ್ಲೇ ಒಂದೆರಡು ಕಿಲೋ ಆಚೀಚೆಯಾಗಬಹುದು. ಅದಕ್ಕೂ ಕೊಬ್ಬಿಗೂ ಸಂಬಂಧವಿರುವುದಿಲ್ಲ. ತೂಕ ನಿಂತಲ್ಲೇ ನಿಂತ ವಾರಗಳಲ್ಲೂ ಬ್ಲೌಸು ಸಡಿಲವಾಗುವುದುಂಟು. ಒಂದೇ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ಲೆಕ್ಕ ಹಾಕಿದ ತೂಕದ ಸೂಚ್ಯಂಕ, ಇರುವ ಇಬ್ಬರ ದೇಹ ಎಷ್ಟು ಬೇರೆಯಾಗಿರಬಹುದೆಂಬುದನ್ನು ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮನ್ನೇ ಉದಾಹರಣೆಯಾಗಿಟ್ಟು ತೋರಿಸಿದರು: ಇಬ್ಬರದೂ 22.3, ಆದರೆ ಒಬ್ಬರ ದೇಹದಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರ ದೇಹದಲ್ಲಿ ಶೇಕಡ 21.2. ಈ ವಿಷಯದಲ್ಲಿ ನಮ್ಮ ಮೈಸೂರಿನದೂ ಒಂದು ಪಾಲಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರಿನವರೆಲ್ಲ ಮಿಷನ್ ಆಸ್ಪತ್ರೆಯೆಂದು ಕರೆಯುವ ಆಸ್ಪತ್ರೆ, 1934ರಿಂದಲೇ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿತ್ತು. ಆ ದಾಖಲೆಗಳು ಮುಂದೆ ಹೃದ್ರೋಗದ ಅಧ್ಯಯನಕ್ಕೆ ಆಧಾರವಾದವು. 1990ರ ದಶಕದ ಕೊನೆಯಲ್ಲಿ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಅಳೆದಾಗ, ಅವರು ಇಂಗ್ಲೆಂಡಿನ ಮಕ್ಕಳಿಗಿಂತ ಎಲ್ಲದರಲ್ಲೂ ಚಿಕ್ಕವರಾಗಿದ್ದರೂ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲವೆಂದು ಕಂಡುಬಂತು. ನಮ್ಮ ಮೈಕಟ್ಟು ಹೀಗಿರುವುದರಲ್ಲಿ ನಮ್ಮ ಸೋಮಾರಿತನಕ್ಕಿಂತ ಹಿಂದಿನದಾದ ಕಾರಣಗಳಿವೆಯೆಂದು ತಿಳಿದಾಗ ಮನಸ್ಸಿಗೆ ಎಷ್ಟೋ ಹಗುರವಾಗುತ್ತದೆ. ಹಾಗೆಂದು ಎಚ್ಚರಿಕೆ ಬಿಡಬೇಕೆಂದಲ್ಲ: ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಎಂದು ವೈದ್ಯರು ಇಟ್ಟುಕೊಂಡಿರುವುದು ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯವನ್ನು ಲೆಕ್ಕಕ್ಕೆ ಹಿಡಿದೇ.

ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಟೈಲರ್ ಪುಸ್ತಕದ ಸೊಂಟವೂ ವೈದ್ಯರ ಸೊಂಟವೂ ಒಂದೇ ಜಾಗದ ಅಳತೆಗಳಲ್ಲ. ಬ್ಲೌಸಿಗೆ ಅಳೆಯುವುದು ಬ್ಲೌಸು ಮುಗಿಯುವ ಜಾಗದಲ್ಲಿ, ಲಂಗಕ್ಕೂ ಪ್ಯಾಂಟಿಗೂ ಅಳೆಯುವುದು ಲಾಡಿ ಕಟ್ಟುವ ಜಾಗದಲ್ಲಿ. ವೈದ್ಯರು ಅಳೆಯುವುದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ. ನಾನು ಕೇಳಿಕೊಂಡ ಮೇಲೆ ಅಂಗಡಿಯ ಒಡತಿ ನನ್ನ ಪುಟದ ಕೊನೆಯಲ್ಲಿ ವೈದ್ಯರ ಸೊಂಟಕ್ಕೆಂದು ಬೇರೆಯೇ ಒಂದು ಸಾಲು ಹಾಕಿಕೊಂಡಿದ್ದಾರೆ. ಟೇಪು ಮಾತ್ರ ಒಳ್ಳೆಯದಿರಬೇಕು. ಹಳೆಯ ಬಟ್ಟೆ ಟೇಪುಗಳು ಎಳೆದೆಳೆದು ಉದ್ದವಾಗಿರುತ್ತವೆ. ಇವರು ಫೈಬರ್ ಗ್ಲಾಸಿನ ಟೇಪು ಬಳಸಿ, ತುದಿ ಸವೆದ ಕೂಡಲೇ ಬದಲಿಸುತ್ತಾರೆ.

ಇನ್ನು ಹೊಲಿಗೆ. ಇವರು ಎರಡೂ ಪಕ್ಕದಲ್ಲಿ ಒಳಗಡೆ ಧಾರಾಳವಾಗಿ ಬಟ್ಟೆ ಬಿಟ್ಟು, ಒಂದರ ಪಕ್ಕದಲ್ಲಿ ಒಂದರಂತೆ ಎರಡು ಸಾಲು ಹೊಲಿಗೆ ಹಾಕುತ್ತಾರೆ. ಮೈ ಮತ್ತೆ ತುಂಬಿಕೊಂಡರೆ ಒಂದು ಸಾಲನ್ನು ಬಿಚ್ಚಿದರಾಯಿತು. ಮುಂದೆ ದಪ್ಪವಾಗುವ ಸಾಧ್ಯತೆಯನ್ನೂ ಇಷ್ಟು ಸಹಜವಾಗಿ ಬಟ್ಟೆಯೊಳಗೆ ಉಳಿಸಿಕೊಡುವುದು ನನಗೆ ಬಹಳ ಹಿಡಿಸಿತು, ಏಕೆಂದರೆ ಇಳಿದ ತೂಕ ಸ್ವಲ್ಪ ಮಟ್ಟಿಗೆ ಮರಳಿ ಬರುವುದು ಬಹಳ ಜನರಿಗೆ ಆಗುವಂಥದ್ದು, ಅದನ್ನು ಅವಮಾನವೆಂದುಕೊಳ್ಳಬೇಕಿಲ್ಲ. ರೇಷ್ಮೆಯ ವಿಷಯದಲ್ಲಿ ಮಾತ್ರ ಅವರು ಮೊದಲೇ ಎಚ್ಚರಿಸುತ್ತಾರೆ. ಮೈಸೂರು ರೇಷ್ಮೆಯಂಥ ನುಣುಪಾದ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳ ಸಾಲು ಉಳಿಯುತ್ತದೆ; ಆದ್ದರಿಂದ ಅಂಥ ಬ್ಲೌಸಿಗೆ ಮೊದಲು ಸ್ವಲ್ಪ ಸಡಿಲವಾಗಿಯೇ ಹೊಲಿದು ಆಮೇಲೆ ಒಳಗೆ ಹಿಡಿಯುವುದು ಸುರಕ್ಷಿತ. ಹಿಡಿಯುವುದಕ್ಕೂ ಮಿತಿಯಿದೆ. ಒಂದೆರಡು ಇಂಚಿನವರೆಗೆ ಪಕ್ಕದ ಹೊಲಿಗೆಯಲ್ಲೇ ಕಡಿಮೆ ಮಾಡಬಹುದು. ಅದಕ್ಕಿಂತ ಹೆಚ್ಚಾದರೆ ಡಾರ್ಟುಗಳು, ಅಂದರೆ ಎದೆಯ ಆಕಾರಕ್ಕಾಗಿ ಮಡಚಿ ಹೊಲಿದ ಮಡಿಕೆಗಳು, ಪಕ್ಕಕ್ಕೆ ಸರಿದು ಎದೆಯ ಜಾಗ ತಪ್ಪುತ್ತದೆ, ಕಂಕುಳಲ್ಲಿ ಸುಕ್ಕು ಬೀಳುತ್ತದೆ. ಆಗ ತೋಳು ಬಿಚ್ಚಿ, ಕಂಕುಳನ್ನು ಮತ್ತೆ ಕತ್ತರಿಸಿ, ಡಾರ್ಟು ಹೊಸದಾಗಿ ಹಾಕಬೇಕು. ಬೇರೆಡೆ ಬರೀ ಪಕ್ಕ ಹಿಡಿದು ಕಳಿಸಿಬಿಡುತ್ತಾರೆ. ಇವರು ನನ್ನ ಒಂದು ಹಸಿರು ಬ್ಲೌಸನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದರು. ಬೆನ್ನಿನ ಮೇಲೆ ಒಂದು ಗೆರೆ ಸುಕ್ಕಿಲ್ಲದೆ ಅದು ಕೂತಿತು.

ಅವರ ಮಾತಿನ ಹದವನ್ನೂ ಹೇಳಬೇಕು. ತೂಕ ಇಳಿದವರನ್ನು ಕಂಡರೆ ನಮ್ಮಲ್ಲಿ ಎರಡೇ ಮಾತು: ಹತ್ತಿರದವರಾದರೆ ‘ಏನೇ ಇಷ್ಟು ಸೊರಗಿದ್ದೀಯ, ಹುಷಾರಿಲ್ವಾ?’ ಎಂಬ ಕಳವಳ, ಇಲ್ಲವಾದರೆ ‘ಈಗ ಎಷ್ಟು ಚೆನ್ನಾಗಿ ಕಾಣ್ತೀರ’ ಎಂಬ ಹೊಗಳಿಕೆ. ಆ ಹೊಗಳಿಕೆಯಲ್ಲಿ ಮೊದಲು ಚೆನ್ನಾಗಿರಲಿಲ್ಲವೆಂಬ ತೀರ್ಪು ಅಡಗಿರುತ್ತದೆಂಬುದು ಹೇಳುವವರಿಗೆ ಹೊಳೆಯುವುದಿಲ್ಲ. ಟೈಲರ್ ಅಮ್ಮ ಎರಡನ್ನೂ ಹೇಳುವುದಿಲ್ಲ. ತೂಕ ಇಳಿದ ಮೇಲೆ ನನ್ನ ತೋಳಿನ ಚರ್ಮ ಜೋತುಬಿದ್ದಿದೆ; ಹಿಗ್ಗಿದ ಚರ್ಮ ವಯಸ್ಸಾದಂತೆ ಮೊದಲಿನಷ್ಟು ಬಿಗಿಯಾಗಿ ಹಿಂತಿರುಗುವುದಿಲ್ಲ. ಅದನ್ನು ನೋಡಿ ‘ಉದ್ದ ತೋಳು ಇಡ್ಲಾ?’ ಎಂದು ಅವರು ಕೇಳಲಿಲ್ಲ. ‘ತೋಳು ಎಷ್ಟುದ್ದ ಬೇಕು?’ ಎಂದಷ್ಟೇ ಕೇಳಿದರು. ಮುಚ್ಚಬೇಕೋ ಬಿಡಬೇಕೋ ಎಂಬ ಆಯ್ಕೆ ಪೂರ್ತಿ ನನ್ನದಾಗಿ ಉಳಿಯಿತು, ನಾನು ಗಿಡ್ಡ ತೋಳನ್ನೇ ಇಡಿಸಿದೆ. ಇವತ್ತಿನ ಮೈಗೆ ಒಳ್ಳೆಯ ಬಟ್ಟೆ ಹೊಲಿಸಿಕೊಂಡರೆ ತೂಕ ಇಳಿಸುವ ಹಟ ಸಡಿಲವಾಗುತ್ತದೆಂದು ಕೆಲವರು ವಾದಿಸುತ್ತಾರೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಮೈಗೆ ಸರಿಯಾಗಿ ಕೂರುವ ಬಟ್ಟೆ ತೊಟ್ಟ ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಲೆಯೆತ್ತಿಕೊಂಡು ನಡೆಯುತ್ತೇನೆ. ಬಿಗಿದು ಕೊರೆಯುವ ಬಟ್ಟೆಯಲ್ಲಿ ಮನೆಯಿಂದ ಹೊರಡುವುದಕ್ಕೇ ಬೇಸರ.

ರೆಡಿಮೇಡ್ ತೆಗೆದುಕೊಳ್ಳಬಹುದಲ್ಲ ಎನ್ನುವವರಿಗೆ ಒಂದು ಮಾತು. ಒಂದು ಕಂಪನಿಯ ಎಲ್ ಇನ್ನೊಂದರ ಎಕ್ಸ್‌ಎಲ್ ಆಗಿರುತ್ತದೆ. ಭಾರತೀಯರ ಮೈಕಟ್ಟಿಗೆ ತಕ್ಕ ಏಕರೂಪದ ಸೈಜುಗಳಿಲ್ಲವೆಂಬ ಕಾರಣಕ್ಕಾಗಿಯೇ ನಿಫ್ಟ್, ಅಂದರೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, 15ರಿಂದ 65 ವರ್ಷದ ಸುಮಾರು 25,000 ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯುವ ಇಂಡಿಯಾಸೈಜ್ ಯೋಜನೆಯನ್ನು ಕೈಗೊಂಡಿತು. ಆದ್ದರಿಂದ ಪಟ್ಟಿಯ ಮೇಲಿನ ಅಕ್ಷರ ಬದಲಾಯಿತೆಂದು ಹಿಗ್ಗುವುದೂ ಕುಗ್ಗುವುದೂ ಬೇಡ.

ಅಂಗಡಿಯಲ್ಲಿ ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಬಟ್ಟೆ ಸಿಗುವುದು ಅಪರೂಪ. ನಾಲ್ಕೈದು ದಿನ ತಡವೆಂದೇ ಲೆಕ್ಕ ಹಾಕಿಕೊಳ್ಳಬೇಕು. ಪರದೆಯ ಹಿಂದಿನ ಜಾಗ ತೀರ ಇಕ್ಕಟ್ಟು, ದಪ್ಪ ಮೈಯವರಿಗೆ ಕೈಯೆತ್ತಿ ಬ್ಲೌಸ್ ಹಾಕಿ ನೋಡುವುದು ಕಷ್ಟ. ಇಂಥ ಗಿರಾಕಿಗಳೇ ಹೆಚ್ಚಾಗಿ ಬರುವ ಅಂಗಡಿಯಲ್ಲಿ ಇದನ್ನು ಸರಿಪಡಿಸಲೇಬೇಕು. ಬಾಗಿಲಿಗೆ ಮೂರು ಎತ್ತರದ ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಕಂಬಿಯಿಲ್ಲ, ಮಂಡಿನೋವಿನವರಿಗೆ ತ್ರಾಸ. ಕೆಲಸಕ್ಕಿರುವ ಹುಡುಗಿಯೊಬ್ಬಳು ಒಮ್ಮೆ ನನ್ನ ಪುಟದ ಹಳೆಯ ಅಳತೆ ನೋಡಿ ‘ಅಬ್ಬಾ’ ಎಂದಳು. ಒಡತಿ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡರು, ಆ ಪುಸ್ತಕ ಈಗ ಅವರ ಮೇಜಿನ ಡ್ರಾಯರಿನಲ್ಲಿರುತ್ತದೆ.

ಲೈನಿಂಗ್ ಬ್ಲೌಸಿಗೆ 600 ರೂಪಾಯಿ, ಪಕ್ಕ ಹಿಡಿಯುವುದಕ್ಕೆ 80, ಪೂರ್ತಿ ಬಿಚ್ಚಿ ಹೊಲಿಯುವುದಕ್ಕೆ 250 ತೆಗೆದುಕೊಳ್ಳುತ್ತಾರೆ. ಆ ಕೆಲಸಕ್ಕೆ ಇದು ನ್ಯಾಯವಾದ ಬೆಲೆ. ಲೈನಿಂಗ್ ಬಟ್ಟೆಯನ್ನು ನೀವೇ ಕೊಡುವುದಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಯೇ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ತಿಂಗಳಲ್ಲೂ ದಸರೆಗೆ ಮುಂಚೆಯೂ ಹೊಸ ಗಿರಾಕಿಗಳನ್ನು ಅವರು ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಜನ ಕಡಿಮೆ, ಅಳತೆಗೆ ಸಾವಕಾಶವಾಗಿ ಸಮಯ ಕೊಡುತ್ತಾರೆ.