ಒಂದು ಕಿವಿಗೆ ಜೋರು, ಇನ್ನೊಂದಕ್ಕೆ ಸಣ್ಣ: ಸ್ಲೈಡರ್, ಹೊಸ ಪಿನ್, ಬ್ಲೂಟೂತ್, ಬಿಚ್ಚುವ ಕೇಬಲ್

ಮೊದಲೇ ಹೇಳಿಬಿಡುತ್ತೇನೆ, ಕೇಬಲ್ ಬಿಚ್ಚಿ ಬದಲಿಸಬಹುದಾದ ಇಯರ್‌ಫೋನ್ ಕಡೆಗೇ ನನ್ನ ಓಟು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, ರಾಯಚೂರಿನ ಹತ್ತಿ ಮಿಲ್ಲು, ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲು, ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆ. ನಮ್ಮ ಭಾಗದಲ್ಲಿ ಇಯರ್‌ಫೋನ್ ಬಾಳಬೇಕಾದದ್ದು ಧೂಳು, ಬೆವರಿನ ನಡುವೆ. "ಒಂದ್ ಕಡಿ ಸಣ್ಣಗ ಕೇಳಾಕತ್ತೈತ್ರಿ" ಎಂದು ಮೊಬೈಲ್ ಅಂಗಡಿಗೆ ಬರುವವರಿಗೆ ಕೊರತೆಯೇ ಇಲ್ಲ. ಅಂಥವರ ಮುಂದೆ ಇರುವ ದಾರಿ ನಾಲ್ಕು: ಫೋನಿನಲ್ಲಿ ಎಡ ಬಲದ ಸದ್ದು ಹೊಂದಿಸುವ ಬ್ಯಾಲೆನ್ಸ್ ಸ್ಲೈಡರ್ ಎಳೆಯುವುದು, ಹೊಸ ಪಿನ್ ಬೆಸೆಯುವುದು, ಬ್ಲೂಟೂತ್ ಬಡ್ಸ್‌ಗೆ ಹೋಗುವುದು, ಬಿಚ್ಚುವ ಕೇಬಲ್ಲಿನ ಇಯರ್‌ಫೋನ್ ಕೊಳ್ಳುವುದು. ನಾಲ್ಕನ್ನೂ ಬಳಸಿ ನೋಡಿದ ಮೇಲೆ ಬರೆದ ಹೋಲಿಕೆ ಇದು.

ದುಡ್ಡು ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿಕೊಳ್ಳಿ. ಸಣ್ಣ ಸದ್ದು ಬಡ್ ಜೊತೆಗೇ ಇನ್ನೊಂದು ಕಿವಿಗೆ ಹೋದರೆ ತೊಂದರೆ ಇಯರ್‌ಫೋನಿನದ್ದೋ ಫೋನಿನದ್ದೋ ಆಗಿರುತ್ತೆ. ಹೇಗೆ ಹಾಕಿದರೂ ಅದೇ ಕಿವಿಗೆ ಸಣ್ಣಗೆ ಕೇಳಿದರೆ ಇಯರ್‌ಫೋನಿನ ತಪ್ಪಿಲ್ಲ. ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು. ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದರೆ ಗುಗ್ಗೆ ಅಂತ ಕಾಯುತ್ತಾ ಕೂರಬೇಡಿ. ತಡ ಮಾಡದೆ ಇಎನ್‌ಟಿ ವೈದ್ಯರ ಹತ್ತಿರ ಹೋಗಿ, ಅದರಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತೆ.

ಆಮೇಲೆ ಇನ್ನೊಂದು ಫೋನಿಗೆ ಹಾಕಿ ನೋಡಿ. ಅಲ್ಲಿ ಎರಡೂ ಸಮವಾಗಿ ಕೇಳಿದರೆ ತೊಂದರೆ ನಿಮ್ಮ ಫೋನಿನದ್ದು, ಜಾಕ್ ಒಳಗೆ ಜೇಬಿನ ನೂಲು ತುಂಬಿ ಪಿನ್ ಪೂರ್ತಿ ಒಳಗೆ ಕೂರದೇ ಇರಬಹುದು. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ನಿಧಾನಕ್ಕೆ ಕೆರೆದು ತೆಗೆಯಿರಿ. ಲೋಹದ ಸೂಜಿ ಬೇಡ.

ಈಗ ಸ್ಲೈಡರ್. ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ ಆಡಿಯೊ ಭಾಗದಲ್ಲಿ ಇದು ಸಿಗುತ್ತೆ. ಮಕ್ಕಳ ಕೈಗೆ ಫೋನ್ ಕೊಟ್ಟಾಗ ಇದು ಪಕ್ಕಕ್ಕೆ ಜರುಗಿರುವುದೂ ಉಂಟು, ಹಾಗಾಗಿ ಒಮ್ಮೆ ನೋಡಿಬಿಡಿ. ಆದರೆ ಇದನ್ನು ಔಷಧಿ ಅಂದುಕೊಳ್ಳಬೇಡಿ. ಅದು ಸಣ್ಣಗಿರುವ ಕಡೆಯನ್ನು ಜೋರು ಮಾಡುವುದಿಲ್ಲ, ಜೋರಾಗಿರುವ ಕಡೆಯನ್ನು ತಗ್ಗಿಸುತ್ತೆ ಅಷ್ಟೆ. ಹೊಲಿಗೆ ಯಂತ್ರದ ಸದ್ದಿನ ಮಧ್ಯೆ ಕೇಳುವವರು ಮತ್ತೆ ವಾಲ್ಯೂಮ್ ಏರಿಸಬೇಕಾಗುತ್ತೆ. ವೈರ್ ಒಳಗೇ ಹರಿಯುತ್ತಿದ್ದರೆ ವಾರದಲ್ಲಿ ಆ ಹೊಂದಾಣಿಕೆಯೂ ಕೆಡುತ್ತೆ. ಖರ್ಚಿಲ್ಲ ಅನ್ನುವುದೊಂದೇ ಇದರ ಗುಣ.

ಪಿನ್ ಬೆಸೆಯುವ ಮುಂಚೆ ಕಾಯಿಲೆ ವೈರಿನದ್ದೋ ಬಡ್ ಬಾಯಿಗೆ ಹಾಕಿರುವ ಜಾಲರಿಯದ್ದೋ ತಿಳಿದುಕೊಳ್ಳಬೇಕು. ಅಗ್ಗದ ಮಲ್ಟಿಮೀಟರ್ ಸಾಕು, 200 ಓಮ್ ಗುರುತಿಗೆ ಇಡಿ. ಮೈಕ್ ಇರುವ 3.5 ಮಿ.ಮೀ. ಪಿನ್ನಿನಲ್ಲಿ ಈಗಿನ ಫೋನುಗಳ ಜೋಡಣೆ ಹೀಗಿದೆ: ತುದಿ ಎಡ, ಅದರ ಹಿಂದಿನ ಮೊದಲ ಉಂಗುರ ಬಲ, ಎರಡನೆಯ ಉಂಗುರ ಗ್ರೌಂಡ್ (ಎರಡೂ ಕಡೆಯ ಕರೆಂಟ್ ವಾಪಸ್ ಬರುವ ದಾರಿ), ಬುಡದ ಭಾಗ ಮೈಕ್. ಮೀಟರಿನ ಒಂದು ಕಡ್ಡಿ ಗ್ರೌಂಡ್ ಮೇಲೆ, ಇನ್ನೊಂದು ತುದಿಯ ಮೇಲೆ ಇಟ್ಟರೆ ಎಡ ಬಡ್‌ನಲ್ಲಿ 'ಕಟ್' ಅನ್ನುವ ಸಣ್ಣ ಸದ್ದು ಬರುತ್ತೆ. 16 ಓಮಿನ ಇಯರ್‌ಫೋನಾದರೆ ಮೀಟರಿನಲ್ಲಿ 16ರ ಆಸುಪಾಸು ಕಾಣಬೇಕು. ಬಲಕ್ಕೂ ಹಾಗೇ ಅಳೆಯಿರಿ. ಒಂದು ಕಡೆ 16, ಇನ್ನೊಂದು ಕಡೆ 32 ತೋರಿಸಿ, ವೈರ್ ಅಲ್ಲಾಡಿಸಿದಾಗ ಅಂಕಿ ಕುಣಿದರೆ ವೈರ್ ಎಳೆಗಳು ಹರಿದಿವೆ. ಹೆಚ್ಚುವರಿಯಾಗಿ ಸೇರಿಕೊಂಡ ಆ 16 ಓಮ್ ಡ್ರೈವರಿಗೆ, ಅಂದರೆ ಬಡ್ ಒಳಗಿನ ಪುಟ್ಟ ಸ್ಪೀಕರಿಗೆ, ಹೋಗಬೇಕಾದ ವೋಲ್ಟೇಜಿನಲ್ಲಿ ಅರ್ಧ ನುಂಗುತ್ತೆ, ಅಂದರೆ 6 ಡೆಸಿಬೆಲ್ ಕಡಿಮೆ. ಕಿವಿಗೆ ಇದು ತಕ್ಷಣ ಗೊತ್ತಾಗುವ ವ್ಯತ್ಯಾಸ. ಎರಡೂ ಕಡೆ ಸಮ ಅಂಕಿ ಬಂದೂ ಸದ್ದು ಸಣ್ಣಗಿದ್ದರೆ ಪಿನ್ ಮುಟ್ಟಲೇಬೇಡಿ, ಮೊದಲು ಜಾಲರಿ ನೋಡಿ.

ಹೊಸ ಪಿನ್ನಿಗೆ ಮೂವತ್ತು ನಲವತ್ತು ರೂಪಾಯಿ. ಕೇಳುವುದಕ್ಕೆ ಅಗ್ಗ. ಆದರೆ ಇದರ ರಗಳೆಯೆಲ್ಲ ಒಂದು ಕಡೆ ಕೂತಿದೆ: ಒಳಗಿನ ವೈರ್. ಹೊರಗಿನ ರಬ್ಬರ್ ಸುಲಿದರೆ ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳು ಹಸಿರು, ಕೆಂಪು, ಬಂಗಾರದ ಬಣ್ಣದಲ್ಲಿ ಕಾಣುತ್ತವೆ, ನಡುವೆ ಬಿಳಿ ನೈಲಾನ್ ದಾರ. ಆ ಬಣ್ಣ ಅನ್ನುವುದು ಎನಾಮಲ್ ಲೇಪನ. ಅದರ ಮೇಲೆ ಬೆಸುಗೆಯ ಸೀಸ ಹಿಡಿಯುವುದಿಲ್ಲ, ಗುಂಡಾಗಿ ಉರುಳಿ ಬೀಳುತ್ತೆ. ಅವಸರದಲ್ಲಿರುವವರು ಲೈಟರ್ ಹಿಡಿದು ಸುಡುತ್ತಾರೆ. ಆಗ ಲೇಪನ ಕರಿಯಾಗಿ ಎಳೆಗೇ ಅಂಟುತ್ತೆ, ತಾಮ್ರ ಪುಡಿಪುಡಿಯಾಗುತ್ತೆ. ಹತ್ತು ಎಳೆಗಳಲ್ಲಿ ಮೂರು ನಾಲ್ಕು ಮಾತ್ರ ಬೆಸುಗೆ ಹಿಡಿದು, ರಿಪೇರಿ ಆದ ಮೇಲೂ ಒಂದು ಕಡೆ ಸಣ್ಣಗೇ ಉಳಿಯುತ್ತೆ. "ಪಿನ್ ಬದಲಿಸಿದರೂ ಹಾಗೇ ಇದೆ" ಅನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತೆ.

ಸರಿಯಾದ ರೀತಿ ಹೀಗೆ. ಬೆಸೆಯುವ ಐರನ್ ಚೆನ್ನಾಗಿ ಕಾಯಲಿ, 350ರಿಂದ 380 ಡಿಗ್ರಿ. ತುದಿಯಲ್ಲಿ ಸೀಸದ ಒಂದು ದಪ್ಪ ಹನಿ ನಿಲ್ಲಿಸಿ. ಎಳೆಗಳನ್ನು ಹೊಸೆದು, ಬೆಸುಗೆ ಪೇಸ್ಟಿನಲ್ಲಿ ಅದ್ದಿ, ಆ ಹನಿಯೊಳಗೆ ಮೂರು ನಾಲ್ಕು ಸೆಕೆಂಡ್ ಮುಳುಗಿಸಿ. ಹೊಗೆ ಎದ್ದು ಲೇಪನ ಸುಟ್ಟುಹೋಗಿ ಎಳೆ ಬೆಳ್ಳಗೆ ಹೊಳೆಯುತ್ತೆ. ಹೊಗೆ ಮೂಗಿಗೆ ಕೆಟ್ಟದ್ದು, ಕಿಟಕಿ ತೆಗೆದಿಡಿ. ಪಿನ್ನಿನ ಹೊರ ಕವಚವನ್ನು ಮೊದಲೇ ವೈರಿಗೆ ಪೋಣಿಸಿರಬೇಕು, ಇಲ್ಲವಾದರೆ ಬೆಸೆದದ್ದನ್ನು ಪುನಃ ಕೀಳಬೇಕಾಗುತ್ತೆ. ಬೆಸೆಯುವಾಗ ಪಿನ್ನನ್ನು ಹಳೆಯ ಸಾಕೆಟ್ ಒಂದಕ್ಕೆ ಚುಚ್ಚಿಟ್ಟರೆ ಒಳಗಿನ ಪ್ಲಾಸ್ಟಿಕ್ ಕರಗಿದರೂ ಉಂಗುರಗಳು ಅಲುಗುವುದಿಲ್ಲ.

ಹಸಿರು ಎಡ, ಕೆಂಪು ಬಲ ಅನ್ನುವುದು ರೂಢಿ ಮಾತ್ರ, ಎಲ್ಲ ಕಂಪನಿಯವರೂ ಪಾಲಿಸುವುದಿಲ್ಲ. 1.5 ವೋಲ್ಟ್ ಸೆಲ್ಲಿಗೆ ಗ್ರೌಂಡ್ ಮತ್ತು ಒಂದು ಬಣ್ಣದ ಎಳೆಯನ್ನು ಕ್ಷಣ ತಾಗಿಸಿ, ಯಾವ ಬಡ್ ಸದ್ದು ಮಾಡುತ್ತದೋ ಅದು ಆ ಕಡೆಯ ವೈರ್. ಗ್ರೌಂಡ್ ಎಳೆ ಎಡಕ್ಕೊಂದು ಬಲಕ್ಕೊಂದು ಬಂದಿದ್ದರೆ ಎರಡನ್ನೂ ಸೇರಿಸಿ ಹೊಸೆಯಬೇಕು. ಜೋಡಿ ಗ್ರೌಂಡ್ ಪಿನ್ನಿಗೆ ತಾಗದೇ ಉಳಿದರೆ ವಿಚಿತ್ರ ಲಕ್ಷಣ ಕಾಣುತ್ತೆ: ವಾದ್ಯ ಕೇಳುತ್ತೆ, ಹಾಡುವವರ ಧ್ವನಿ ಮಾಯ. ಎರಡೂ ಕಡೆ ಸಮವಾಗಿರುವ ಧ್ವನಿ ಒಂದನ್ನೊಂದು ಹೊಡೆದುಹಾಕುವುದೇ ಅದಕ್ಕೆ ಕಾರಣ. ಈ ಲಕ್ಷಣ ಕಂಡರೆ ಬೇರೇನನ್ನೂ ಹುಡುಕದೆ ಗ್ರೌಂಡ್ ಬೆಸುಗೆ ನೋಡಿ.

ಇಷ್ಟೆಲ್ಲ ಮಾಡಿದರೂ ವೈರ್ ಬಡ್ ಒಳಗೆ ಹೋಗುವ ಜಾಗದಲ್ಲಿ ಹರಿದಿದ್ದರೆ ಪಿನ್ ಬದಲಿಸಿ ಉಪಯೋಗವಿಲ್ಲ. ಅಂಟು ಹಾಕಿ ಮುಚ್ಚಿದ ಬಡ್ ಬಿಚ್ಚಿದರೆ ಸಾಮಾನ್ಯವಾಗಿ ಮೊದಲಿನಂತೆ ಕೂರುವುದಿಲ್ಲ. ದೊಡ್ಡ, ಬೆಲೆಬಾಳುವ ಹೆಡ್‌ಫೋನಿಗಾದರೆ ಈ ಶ್ರಮ ತಕ್ಕದ್ದು, ಇನ್ನೂರು ರೂಪಾಯಿಯ ಇಯರ್‌ಫೋನಿಗೆ ಅಲ್ಲ.

ಬ್ಲೂಟೂತ್ ಬಡ್ಸ್‌ನಲ್ಲಿ ವೈರಿನ ತಲೆನೋವಿಲ್ಲ, ನಿಜ. ಒಂದು ಕಡೆ ಸಣ್ಣಗಾದರೆ ಫೋನಿನಲ್ಲಿ ಹೆಸರನ್ನು ಅಳಿಸಿ, ಎರಡನ್ನೂ ಡಬ್ಬಿಯಲ್ಲಿಟ್ಟು ರೀಸೆಟ್ ಮಾಡಿ, ಹೊಸದಾಗಿ ಜೋಡಿಸಿ. ಎರಡು ಬಡ್‌ಗಳ ವಾಲ್ಯೂಮ್ ತಾಳ ತಪ್ಪಿದ್ದರೆ ಇದರಿಂದಲೇ ಸರಿಹೋಗುತ್ತೆ. ಸರಿಹೋಗದಿದ್ದರೆ ಜಾಲರಿ ಸ್ವಚ್ಛ ಮಾಡಬಹುದು, ಅದರಾಚೆಗೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಬಿಚ್ಚುವ ಕೇಬಲ್ ನನಗೆ ಹಿಡಿಸಿರುವುದು ಪರೀಕ್ಷೆಯೂ ರಿಪೇರಿಯೂ ಒಂದೇ ಕೈಕೆಲಸದಲ್ಲಿ ಮುಗಿಯುವುದರಿಂದ. ಎರಡೂ ಬಡ್ ಕಿತ್ತು ಅದಲುಬದಲು ಮಾಡಿ ವೈರಿಗೆ ಚುಚ್ಚಿ. ಈಗಲೂ ಅದೇ ಬಡ್ ಸಣ್ಣಗಿದ್ದರೆ ಜಾಲರಿ ಅಥವಾ ಡ್ರೈವರ್ ಕೆಟ್ಟಿದೆ. ಇನ್ನೊಂದು ಬಡ್ ಸಣ್ಣಗಾದರೆ ಕೇಬಲ್ ಕೆಟ್ಟಿದೆ. ಮಲ್ಟಿಮೀಟರ್ ಬೇಡ, ಐರನ್ ಬೇಡ. ಸಾಧಾರಣ ಕೇಬಲ್ ಮುನ್ನೂರರಿಂದ ಐನೂರರೊಳಗೆ ಬರುತ್ತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಬೆವರಿಗೆ ವೈರ್ ಬೇಗ ಗಟ್ಟಿಯಾದರೂ ಇಡೀ ಇಯರ್‌ಫೋನ್ ಎಸೆಯಬೇಕಾಗಿಲ್ಲ.

ಇದರಲ್ಲಿ ಎಚ್ಚರ ಬೇಕಾದ ಸಂಗತಿಯೂ ಇದೆ. ಕೇಬಲ್ ತುದಿಯಲ್ಲಿ ಎರಡು ಸಣ್ಣ ಕಡ್ಡಿ ಇರುವ (2-ಪಿನ್) ಮಾದರಿಯಲ್ಲಿ ಒಂದು ಬದಿಯನ್ನು ತಲೆಕೆಳಗಾಗಿ ಚುಚ್ಚಲು ಸಾಧ್ಯ. ಆಗ ಸದ್ದಿನ ಮಟ್ಟ ಸಮವೇ ಇರುತ್ತೆ, ಆದರೆ ಬೇಸ್ ಕರಗಿ, ಧ್ವನಿ ತಲೆಯ ನಡುವೆ ನಿಲ್ಲದೆ ಚದುರುತ್ತೆ. ತಿರುಗಿಸಿ ಚುಚ್ಚಿದರೆ ಸರಿ. ದುಂಡನೆಯ, ಗಿರಗಿರ ತಿರುಗುವ ಎಂಎಂಸಿಎಕ್ಸ್ ಮಾದರಿ ಧೂಳಿಗೆ ಬೇಗ ಸಡಿಲವಾಗಿ ಕರಕರ ಅನ್ನುತ್ತೆ, ನಮ್ಮ ಕಡೆಗೆ ಕಡ್ಡಿಯದ್ದೇ ಮೇಲು.

ಜಾಲರಿಗೆ ಧೂಳು ಕೂರುವುದನ್ನು ಯಾವ ಆಯ್ಕೆಯೂ ತಪ್ಪಿಸುವುದಿಲ್ಲ. ಹತ್ತಿಯ ಎಳೆ, ಗುಗ್ಗೆ, ಬೆವರು ಸೇರಿ ಜಾಲರಿಯ ಮೇಲೆ ತೆಳ್ಳಗೆ ಕಂಬಳಿ ಹಾಸಿದಂತೆ ಕೂರುತ್ತೆ. ಬಡ್ ತುದಿಯ ಸಿಲಿಕೋನ್ ಟೋಪಿ ತೆಗೆದು ಟಾರ್ಚ್ ಬಿಟ್ಟರೆ ಕಾಣುತ್ತೆ. ಬಾಯಿ ಕೆಳಗೆ ಮಾಡಿ ಹಿಡಿದು ಮೆತ್ತನೆಯ ಒಣ ಬ್ರಷ್ಷಿನಿಂದ ಉಜ್ಜಿ, ಕಸ ಹೊರಗೆ ಬೀಳಲಿ. ಆಮೇಲೆ ಹತ್ತಿಕಡ್ಡಿಯ ತುದಿಗೆ ತುಸು ಐಸೊಪ್ರೊಪೈಲ್ ಆಲ್ಕೊಹಾಲ್ ಮಾಡಿಕೊಂಡು, ಬಾಯಿ ಕೆಳಗಿಟ್ಟುಕೊಂಡೇ ಒರೆಸಿ, ಅರ್ಧ ಗಂಟೆ ಒಣಗಲು ಬಿಡಿ. ಆಲ್ಕೊಹಾಲ್ ಹೆಚ್ಚಾದರೆ ಜಾಲರಿಯ ಅಂಟು ಬಿಡುತ್ತೆ. ವೆಲ್ಡಿಂಗ್, ಲೇತ್ ಕೆಲಸದವರ ಇಯರ್‌ಫೋನಿನಲ್ಲಿ ಡ್ರೈವರಿನ ಅಯಸ್ಕಾಂತ ಕಬ್ಬಿಣದ ಹುಡಿಯನ್ನು ಹಿಡಿದುಕೊಂಡಿರುತ್ತೆ. ಅದು ಬ್ರಷ್ಷಿಗೆ ಬರುವುದಿಲ್ಲ, ಪೋಸ್ಟರ್ ಅಂಟಿಸುವ ಪುಟ್ಟಿಯನ್ನು ಮೇಲೆಮೇಲೆ ಒತ್ತಿ ಎತ್ತಬೇಕು. ಸೂಜಿ ಚುಚ್ಚುವುದು, ಅಂಗಡಿಯ ಬ್ಲೋವರ್ ಹಿಡಿಯುವುದು, ಎರಡೂ ಡ್ರೈವರಿನ ಪೊರೆ ಹರಿಯಲು ದಾರಿ. ಎರಡು ಕಡೆ ಬೇರೆ ಅಳತೆಯ ಸಿಲಿಕೋನ್ ಟೋಪಿ ಹಾಕಿದ್ದರೂ ಒಂದು ಕಡೆ ಬೇಸ್ ಸೋರಿ ಸಣ್ಣಗೆ ಕೇಳುತ್ತೆ.

ಮನೆಯಲ್ಲಿ ಕೂತು ಒಂದು ಗಂಟೆ ಕೇಳುವವರಿಗೆ, ಐರನ್ ಹಿಡಿಯಲು ಬರುವವರಿಗೆ ಪಿನ್ ಬೆಸೆಯುವುದು ಸಾಕು. ಬೈಕು, ಬಸ್ಸಿನಲ್ಲಿ ಓಡಾಡುತ್ತಾ ಕರೆ ಮಾತಾಡುವುದೇ ಹೆಚ್ಚಾದರೆ ಬ್ಲೂಟೂತ್ ಅನುಕೂಲ, ಮೂರ್ನಾಲ್ಕು ವರ್ಷ ಬಾಳಬೇಕೆಂಬ ಆಸೆ ಇಟ್ಟುಕೊಳ್ಳಬಾರದು. ಮಿಲ್ಲು, ಹೊಲಿಗೆ ಘಟಕದಲ್ಲಿ ದಿನವಿಡೀ ಕಿವಿಗೆ ಹಾಕಿಕೊಳ್ಳುವವರು ಸಾವಿರದಿಂದ ಸಾವಿರದೈನೂರು ಕೂಡಿಸಿ ಬಿಚ್ಚುವ ಕೇಬಲ್ಲಿನದ್ದೇ ಕೊಳ್ಳಿ. ಕೊಳ್ಳುವ ದಿನವೇ ಕಡ್ಡಿ 0.78 ಮಿ.ಮೀ.ಯದ್ದೋ 0.75ರದ್ದೋ ಎಂದು ಡಬ್ಬಿಯ ಮೇಲೆ ನೋಡಿ ಬರೆದಿಟ್ಟುಕೊಳ್ಳಿ. 0.75ರ ಸಾಕೆಟ್ಟಿಗೆ 0.78ರ ಕಡ್ಡಿ ತುರುಕಿದರೆ ರಂಧ್ರ ಅಗಲವಾಗಿ, ಮುಂದೆ ಸರಿಯಾದ ಕೇಬಲ್ ಹಾಕಿದರೂ ಆ ಕಡೆ ಸಡಿಲವಾಗಿ ಸದ್ದು ಬಂದು ಹೋಗಿ ಮಾಡುತ್ತೆ.