ನಾಲ್ಕು ವರ್ಷದಿಂದ ಅಮ್ಮನ ತೋಳು ಹಿಂಡುತ್ತಿರುವ ಬಿಪಿ ಮಷಿನ್

2021ರಲ್ಲಿ ಕೊಂಡಿದ್ದು. ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತುವ ಮಾಮೂಲಿ ಡಿಜಿಟಲ್ ಮಷಿನ್. ಕಂಪನಿ ಹೆಸರು ಬೇಡ, ಬೈಯುವುದೂ ಇದೆ. ಅಮ್ಮನಿಗೆ ದಿನಾ ನೋಡುತ್ತೇವೆ, ಅಪ್ಪನಿಗೆ ಅವರು ಕೈಗೆ ಸಿಕ್ಕಾಗ.

ಮೊದಲ ಆರು ತಿಂಗಳು ಇದು ಡಬ್ಬಾ ಮಷಿನ್ ಅಂತಲೇ ತಿಳಿದಿದ್ದೆ. ಮನೆಯಲ್ಲಿ 158/94 ತೋರಿಸುವುದು, ಕ್ಲಿನಿಕ್ಕಿಗೆ ಹೋದರೆ 140ರ ಆಸುಪಾಸು. ಉಲ್ಟಾ ಆಗಬೇಕಿತ್ತು ಅಲ್ವಾ, ಡಾಕ್ಟರ್ ಮುಂದೆ ಕೂತಾಗ ತಾನೇ ಗಾಬರಿಗೆ ಏರುವುದು? ನರ್ಸ್ ಆಗಿರುವ ನಮ್ಮ ಅತ್ತಿಗೆ ಒಮ್ಮೆ ಬಂದವರು ನಾವು ಬಿಪಿ ನೋಡುವ ಚೆಂದ ಕಂಡು ನಕ್ಕುಬಿಟ್ಟರು. ಅಮ್ಮ ಆಗಷ್ಟೇ ಕಾಫಿ ಕುಡಿದು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು, ಕೈ ತೊಡೆ ಮೇಲಿಟ್ಟು, ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಕೇಳುತ್ತಾ ಕೂತಿದ್ದರು. ಪಟ್ಟಿ ರವಿಕೆಯ ತೋಳಿನ ಮೇಲೇ ಇತ್ತು. ಅತ್ತಿಗೆ ಹೊಲಿಗೆ ಟೇಪ್ ತರಿಸಿ ಅಮ್ಮನ ತೋಳು ಅಳೆದರು, 35 ಸೆಂ.ಮೀ. ಮಷಿನ್ ಜೊತೆ ಬಂದ ಪಟ್ಟಿಯ ಮೇಲೆ ಬರೆದಿರುವುದು 22–32! ಪಟ್ಟಿ ಚಿಕ್ಕದಾದರೆ ಬಿಪಿ ಜಾಸ್ತಿ ತೋರಿಸುತ್ತದಂತೆ, ಕೈ ಎದೆಯ ಮಟ್ಟಕ್ಕಿಂತ ಕೆಳಗಿದ್ದರೂ ಅಷ್ಟೇ, ಮಾತಾಡಿದರೂ ಅಷ್ಟೇ. ನಾವು ಮೂರನ್ನೂ ಒಟ್ಟಿಗೆ ಮಾಡುತ್ತಿದ್ದೆವು.

ದೊಡ್ಡ ಪಟ್ಟಿ ಬೇರೆ ಕೊಂಡೆವು. ಈಗ ಬೆಳಿಗ್ಗೆ ಮಾತ್ರೆಗೂ ಕಾಫಿಗೂ ಮೊದಲು, ಬಾತ್‌ರೂಮಿಗೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರುತ್ತಾರೆ. ಪಾದ ನೆಲದ ಮೇಲೆ, ಕೈ ಟೇಬಲ್ ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಸರಾಸರಿ ಬರೆಯುತ್ತೇವೆ. ಅದೇ ಮಷಿನ್, ಅದೇ ಅಮ್ಮ, 136/84. ಐದು ನಿಮಿಷ ಬಾಯಿ ಮುಚ್ಚಿಸುವುದೇ ಇದರಲ್ಲಿ ಕಷ್ಟದ ಭಾಗ.

ಬರೆಯುವುದು ಕ್ಯಾಲೆಂಡರಿನಲ್ಲೇ. ಮಷಿನ್‌ನಲ್ಲಿ 60 ರೀಡಿಂಗ್ ಉಳಿಯುತ್ತದೆ ನಿಜ, ಆದರೆ ಅಪ್ಪನದು ಅಮ್ಮನದು ಕಲಸುಮೇಲೋಗರ. ಸೆಲ್ ಬದಲಿಸಿದರೆ ತಾರೀಖೂ ಹೋಯಿತು.

ಅಪ್ಪನ ವಿಷಯಕ್ಕೆ ಬಂದರೆ, ಹೋದ ವರ್ಷ ಪರದೆಯ ಮೇಲೆ ಹೃದಯದ ಗುರುತು ಮಿನುಗತೊಡಗಿತು. ಸೆಲ್ ವೀಕ್ ಆಗಿರಬೇಕು ಅಂದುಕೊಂಡೆ! ಅತ್ತಿಗೆಗೆ ಫೋನ್ ಮಾಡಿದರೆ, ಅದು ಬಡಿತ ಏರುಪೇರಾಗಿದೆ ಅನ್ನುವ ಸೂಚನೆ ಇರಬಹುದು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ನಾಡಿ ಎಣಿಸು, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡ, ಪೂರ್ತಿ ಒಂದು ನಿಮಿಷ ಎಣಿಸು ಅಂದರು. ಎಣಿಸಿದೆ. ಎರಡು ಬಡಿತ ಬೇಗ, ಆಮೇಲೆ ತಡ, ಮತ್ತೆ ಬೇಗ, ಲೆಕ್ಕಕ್ಕೇ ಸಿಗದು. ಇಸಿಜಿ ಮಾಡಿಸಿದಾಗ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಬಡಿತ ಲಯ ತಪ್ಪುವ ತೊಂದರೆ, ಅಂದರು. ಬಡಿತ ಹೀಗೆ ತಾಳ ತಪ್ಪಿದಾಗ ಇಂಥ ಮಷಿನ್‌ನ ಬಿಪಿ ಅಂಕಿಯನ್ನೂ ಪೂರ್ತಿ ನಂಬಬಾರದಂತೆ, ಹಾಗಾಗಿ ಅವರಿಗೆ ಈಗ ಮೂರು ಸಲ ನೋಡುತ್ತೇವೆ.

ಮಷಿನ್ ಹೇಳದೇ ಹೋಗಿದ್ದೂ ಇದೆ. ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ ಶುರುವಾದ ಮೇಲೆ ಅಮ್ಮನ ಅಂಕಿಗಳು ಚೆನ್ನಾಗೇ ಇದ್ದವು, ಚಪ್ಪಲಿ ಮಾತ್ರ ಬಿಗಿಯಾಗತೊಡಗಿತು. ಕಾಲ್ಗಂಟಿನ ಹತ್ತಿರ ಹೆಬ್ಬೆರಳಿಂದ ಒತ್ತಿ ಹಿಡಿದು ಬಿಟ್ಟೆ, ಗುಳಿ ಬಿದ್ದದ್ದು ಹಾಗೇ ಉಳಿಯಿತು. ಆ ಮಾತ್ರೆಗೆ ಪಾದ ಊದುವುದುಂಟು ಅಂತ ಹೇಳಿ ಡಾಕ್ಟರ್ ಬೇರೆ ಬರೆದುಕೊಟ್ಟರು. ಈಗ ಭಾನುವಾರ ಬಿಪಿ ಆದಮೇಲೆ ಕಾಲನ್ನೂ ಒತ್ತಿ ನೋಡುತ್ತೇನೆ, ಅಮ್ಮ ಅದನ್ನು ಸೇವೆ ಅಂದುಕೊಂಡಿದ್ದಾರೆ.

ಬೈಗುಳ ಇಷ್ಟೇ. ಮೂರನೇ ವರ್ಷ ಗಾಳಿಯ ಟ್ಯೂಬ್ ಬುಡದಲ್ಲಿ ಸೀಳಿತು. ಸರ್ವಿಸ್‌ನವರು ಪಟ್ಟಿಗೆ ವಾರಂಟಿ ಇಲ್ಲ ಅಂದರು, ದೊಡ್ಡ ಪಟ್ಟಿಯನ್ನು ಮತ್ತೆ ಕೊಳ್ಳಬೇಕಾಯಿತು. ಟ್ಯೂಬನ್ನು ಮಷಿನ್‌ಗೆ ಸುತ್ತಿ ಡಬ್ಬಿಗೆ ತುರುಕಬೇಡಿ, ನಾನು ಮಾಡಿದ್ದು ಅದನ್ನೇ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ದೊಡ್ಡ ಪಟ್ಟಿಗೆ ಎರಡು ಸಲ ದುಡ್ಡು ಕಿತ್ತಿದ್ದಕ್ಕೆ.